ಭೋಗ್ಯದಣ್ಣನ ಬಾಕಿ

ತಮಿಳುನಾಡಿನ ಧರ್ಮಪುರಿಯಲ್ಲಿ ಒಂದು ಫ್ಲ್ಯಾಟಿನೊಳಗೆ ಕಾಲಿಡಲು ಮೂರು ದಾರಿಗಳಿವೆ. ಸ್ವಂತಕ್ಕೆ ಕೊಂಡವನಿಗೆ ಬ್ಯಾಂಕಿನ ಕಂತು, ಬಾಡಿಗೆಗೆ ಹಿಡಿದವನಿಗೆ ಒಂದನೇ ತಾರೀಕು. ಮೂರನೆಯವನು ಐದಾರು ಲಕ್ಷವನ್ನು ಒಂದೇ ಗಂಟಾಗಿ ಮನೆ ಒಡೆಯನ ಕೈಗೆ ಹಾಕಿ, ಮೂರು ವರ್ಷ ಕಾಲು ಚಾಚಿ ಕೂರುತ್ತಾನೆ. ಬಾಡಿಗೆಯಿಲ್ಲ. ಮನೆ ಬಿಡುವ ದಿನ ಗಂಟು ಇಡಿಯಾಗಿ ವಾಪಸು. ಇದಕ್ಕೆ ಬೋರ್ಡಿನ ಮೇಲೆ ‘ಲೀಸ್’ ಅನ್ನುತ್ತಾರೆ, ತಮಿಳಿನಲ್ಲಿ ‘ಒತ್ತಿ’, ‘ಬೋಕ್ಕಿಯಂ’ ಅನ್ನುತ್ತಾರೆ. ಇಲ್ಲಿನ ಕನ್ನಡ ಮನೆಗಳಲ್ಲಿ ಭೋಗ್ಯ.

ಹೀಗೆ ಭೋಗ್ಯಕ್ಕೆ ಬಂದು ಕೂತವನೇ ಭೋಗ್ಯದಣ್ಣ. ಊರಿನ ನಾಲ್ಕು ರಸ್ತೆಯಿಂದ ಯಾವ ದಿಕ್ಕಿಗೆ ಹೊರಟರೂ, ಮೂರು ಅಂತಸ್ತಿನ ಒಂದು ಕಟ್ಟಡ ಸಿಕ್ಕಿದರೆ ಅದರಲ್ಲಿ ಅವನೊಬ್ಬ ಇದ್ದೇ ಇರುತ್ತಾನೆ. ಗುರುತು ಹಿಡಿಯುವುದು ಸುಲಭ. ಮೆಟ್ಟಿಲ ದೀಪ ಕೆಟ್ಟರೆ ಮೊದಲು ಕೂಗುವವನು ಅವನು. ಮೆಟ್ಟಿಲ ದೀಪಕ್ಕೆ ಕಾಸು ಕೇಳಿದಾಗ ಸ್ನಾನಕ್ಕೆ ಹೋಗಿರುವವನೂ ಅವನೇ.

ಉದಾಹರಣೆಗೆ ಒಂಬತ್ತು ಮನೆಗಳ, ಲಿಫ್ಟಿಲ್ಲದ ಒಂದು ಕಟ್ಟಡವನ್ನು ಇಟ್ಟುಕೊಳ್ಳೋಣ. ಮನೆಗೆ ತಿಂಗಳಿಗೆ ₹1,000 ಮೇಂಟೆನೆನ್ಸು. ಅದರಲ್ಲೇ ಗುಡಿಸುವ ಹೆಂಗಸಿನ ಸಂಬಳ, ಮೋಟಾರು, ಸಂಪು ತೊಳೆಸುವುದು, ವಾಚ್‌ಮನ್ನಿನ ಟೀ. ಲೆಕ್ಕ ಬರೆಯುವವರು ರಿಟೈರಾದ ಮೇಷ್ಟ್ರೊಬ್ಬರು. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವರಿಗೆ ಒಂಬತ್ತು ಮನೆಯ ಕೂಡುವ ಲೆಕ್ಕ ಏನು ಮಹಾ ಎಂದು ಎಲ್ಲರೂ ಸೇರಿ ಅವರನ್ನು ಸೆಕ್ರೆಟರಿ ಮಾಡಿದ್ದರು. ಕೂಡುವುದು ಕಷ್ಟವಾಗಲಿಲ್ಲ. ಕೂಡಲು ಎಂಟೇ ಅಂಕಿ ಇದ್ದವು.

“ಏನಣ್ಣ, ಹದಿನಾಲ್ಕು ತಿಂಗಳಾಯ್ತು.”

“ಮೇಷ್ಟ್ರೇ, ನೀವು ಕನ್ನಡ ಓದಿದವರು. ಭೋಗ್ಯ ಅಂದ್ರೆ ಏನು? ಭೋಗಿಸೋದು. ಭೋಗಿಸೋಕೆ ಯಾರಾದ್ರೂ ತಿಂಗಳ್ ತಿಂಗಳಾ ಕಾಸು ಕೊಡ್ತಾರಾ? ಓನರ್ನ ಕೇಳಿ.”

ಓನರ್ ಇರುವುದು ಬೆಂಗಳೂರಿನಲ್ಲಿ. ಫೋನು ಮಾಡಿದರೆ ಅವನದೂ ಅಷ್ಟೇ ಚೊಕ್ಕ ಮಾತು: “ಸಾರ್, ನೀರು ಕುಡಿಯೋನು ಅವನು, ಮೆಟ್ಟಿಲು ತುಳಿಯೋನು ಅವನು. ಕಾಸು ನಾನ್ಯಾಕೆ ಕೊಡ್ಲಿ?” ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲಿ ಇಂಥ ಬಾಕಿ ಫ್ಲ್ಯಾಟಿನ ಮೇಲೇ ಹೊರೆಯಾಗಿ ಕೂರುತ್ತದೆ. ಆದ್ದರಿಂದ ಬೆಂಗಳೂರಿನ ಸ್ವಂತ ಫ್ಲ್ಯಾಟಿನ ಮೇಂಟೆನೆನ್ಸನ್ನು ಆತ ಐದನೇ ತಾರೀಕಿನೊಳಗೆ ಕಟ್ಟುತ್ತಾನೆ. ಅವನ ಶಿಸ್ತೆಲ್ಲ ಹೊಸೂರಿನ ಗಡಿಯಿಂದ ಆಚೆಗೆ.

ತಮಿಳುನಾಡಿನ ಹೊಸ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ 1994ರ ಹಳೆಯದನ್ನು ತೆಗೆದುಹಾಕಿ 2024ರ ಮಾರ್ಚಿನಲ್ಲಿ ಜಾರಿಗೆ ಬಂತು. ಮೇಷ್ಟ್ರು ಅದರ ಪ್ರತಿ ತರಿಸಿ, ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿಕೊಂಡು ಮೆಟ್ಟಿಲು ಹತ್ತಿದರು. ಭೋಗ್ಯದಣ್ಣ ಪೂರ್ತಿ ಓದಿ, ಕನ್ನಡಕ ತೆಗೆದು, ಸಂತೋಷದಿಂದ ಹಿಂದಕ್ಕೆ ಕೊಟ್ಟ. “ಅಸೋಸಿಯೇಷನ್ನಿನ ಮೆಂಬರು ಫ್ಲ್ಯಾಟಿನ ಓನರು ಅಂತ ಇದರಲ್ಲೇ ಇದೆಯಲ್ಲ ಮೇಷ್ಟ್ರೇ. ನಾನು ಮೆಂಬರೇ ಅಲ್ಲ.” ಮುಂದಿನ ಭಾನುವಾರದ ಮೀಟಿಂಗಿನಲ್ಲಿ ಬಣ್ಣ ಹೊಡೆಸುವ ವಿಷಯಕ್ಕೆ ಎಲ್ಲರಿಗಿಂತ ಹೆಚ್ಚು ಹೊತ್ತು ಮಾತಾಡಿದವನು ಈ ಮೆಂಬರಲ್ಲದವನೇ.

ಮೇಷ್ಟ್ರು ಕಾನೂನು ಬಿಡಲಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಹಿಡಿದು ಮತ್ತೆ ಬಂದರು. ಒಡೆಯ ಕಟ್ಟಬೇಕಾದ್ದನ್ನು ಕಟ್ಟದೆ, ಅದು ಗೇಣಿದಾರನ ತಲೆಗೋ ಆಸ್ತಿಯ ಮೇಲೋ ಬರುವಂತಿದ್ದರೆ, ಗೇಣಿದಾರ ತಾನೇ ಕಟ್ಟಿ ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಭೋಗ್ಯದಣ್ಣ ಒಂದು ನಿಮಿಷ ಗಂಭೀರವಾಗಿ ಯೋಚಿಸಿದ. “ಒಳ್ಳೇ ಸೆಕ್ಷನ್ನು. ಮುರ್ಕೊಳ್ಳೋಕೆ ಬಾಡಿಗೆ ಎಲ್ಲಿದೆ?”

ಬಾಕಿ ವಸೂಲಿಗೂ ಈ ಊರಿಗೂ ಹಳೆಯ ನಂಟಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಈ ಊರೂ ಸೇರಿದ್ದ ಬಾರಾಮಹಲನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ, ಕಂಪನಿಯ ಅಧಿಕಾರಿ ಅಲೆಕ್ಸಾಂಡರ್ ರೀಡ್‌ನ ಕೈಕೆಳಗೆ ಥಾಮಸ್ ಮನ್ರೋ ಧರ್ಮಪುರಿಯಲ್ಲಿದ್ದು ಕಂದಾಯ ಎತ್ತುತ್ತಿದ್ದ. ನಡುವೆ ಜಮೀನ್ದಾರನನ್ನು ಇಟ್ಟುಕೊಳ್ಳದೆ ಒಬ್ಬೊಬ್ಬ ರೈತನಿಂದಲೂ ನೇರವಾಗಿ ವಸೂಲು ಮಾಡುವ ರೈತವಾರಿ ಪದ್ಧತಿ ಬೆಳೆದದ್ದು ಈ ನೆಲದಲ್ಲೇ. ಮುಂದೆ ಮದ್ರಾಸಿನ ಗವರ್ನರಾದ ಆ ಮನುಷ್ಯ ಆಗ ದಿನಕ್ಕೆ ಹತ್ತಾರು ಗಂಟೆ ಕಚೇರಿಯಲ್ಲಿ ಕೂತು ರೈತರ ಕಥೆ ಕೇಳುತ್ತಿದ್ದ. ಒಬ್ಬನದು ಅಪ್ಪ ಮಾಡಿದ ಮೂವತ್ತು ವರ್ಷದ ಹಳೇ ಸಾಲ. ಒಬ್ಬನ ಗಂಟನ್ನು ಯುದ್ಧದ ಗಲಾಟೆಯಲ್ಲಿ ತಮ್ಮನೋ ಅಣ್ಣನೋ ನುಂಗಿದ್ದ. ಇನ್ನೊಬ್ಬನಿಗೆ ಹೆಂಡತಿ ತೀರಿಕೊಂಡಿದ್ದಳು. ಇದ್ದಬದ್ದ ಎತ್ತಿಗಿಂತ ಚೆನ್ನಾಗಿ ದುಡಿಯುತ್ತಿದ್ದವಳು ಹೋದ ಮೇಲೆ ಕಂದಾಯ ಎಲ್ಲಿಂದ ತರುವುದು ಎಂಬುದು ಅವನ ಅಳಲು. ಇದನ್ನೆಲ್ಲ ಮನ್ರೋ ಊರಿಗೆ ಕಾಗದ ಬರೆದು ತಿಳಿಸಿದ್ದಾನೆ.

ಮೇಷ್ಟ್ರು ನಡೆಸುತ್ತಿರುವುದೂ ರೈತವಾರಿಯೇ. ಒಂದೊಂದು ಬಾಗಿಲಿಗೂ ಹೋಗಬೇಕು, ಒಂದೊಂದು ಕಥೆಯನ್ನೂ ನಿಂತು ಕೇಳಬೇಕು. ಆ ರೈತರಲ್ಲಿ ಒಬ್ಬನಿಗೆ ಗಂಟು ಹೋಗಿತ್ತು, ಇನ್ನೊಬ್ಬನಿಗೆ ಹೆಂಡತಿ ಹೋಗಿದ್ದಳು. ಭೋಗ್ಯದಣ್ಣನ ಕಥೆಗಳು ಹೊಟ್ಟೆ ತುಂಬಿದವನ ಕಥೆಗಳು. ಅವನು ಪೇಪರು ಓದುತ್ತಾನೆ.

2021ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಒಂದು ತೀರ್ಪು ಕೊಟ್ಟಿತು. ಮೇಂಟೆನೆನ್ಸು ತಿಂಗಳಿಗೆ ₹7,500 ದಾಟಿದರೆ ದಾಟಿದ ಭಾಗಕ್ಕಷ್ಟೇ ಜಿ.ಎಸ್.ಟಿ., ಇಡೀ ಮೊತ್ತಕ್ಕಲ್ಲ. ದೊಡ್ಡ ಊರುಗಳ ದೊಡ್ಡ ಗೇಟಿನವರಿಗೆ ಅದು ದೊಡ್ಡ ಸುದ್ದಿ. ಭೋಗ್ಯದಣ್ಣ ಆ ಕಟಿಂಗನ್ನು ಅಂಗಿಯ ಜೇಬಿನಲ್ಲಿ ಮಡಚಿಟ್ಟುಕೊಂಡಿದ್ದಾನೆ. “ಜಿ.ಎಸ್.ಟಿ. ವಿಷಯ ಇತ್ಯರ್ಥ ಆಗ್ಲಿ ಮೇಷ್ಟ್ರೇ, ಆಮೇಲೆ ಒಟ್ಟಿಗೆ ಕೊಡ್ತೀನಿ.” ಸಾವಿರ ರೂಪಾಯಿಗೂ ಏಳೂವರೆ ಸಾವಿರಕ್ಕೂ ನಡುವಿನ ದೂರವನ್ನು ಮೇಷ್ಟ್ರು ಬೋರ್ಡಿಲ್ಲದೆ, ಸೀಮೆಸುಣ್ಣವಿಲ್ಲದೆ ಮೆಟ್ಟಿಲ ಮೇಲೆ ನಿಂತೇ ವಿವರಿಸಿದರು.

2023ರ ಅಕ್ಟೋಬರಿನಲ್ಲಿ ಇನ್ನೊಂದು ಸುದ್ದಿ ಬಂತು. ಹತ್ತು ಮನೆಯೊಳಗಿನ, ಮೂರು ಅಂತಸ್ತು ಮೀರದ, ಲಿಫ್ಟಿಲ್ಲದ ಕಟ್ಟಡಗಳ ಸಾಮಾನ್ಯ ಮೀಟರಿಗೆ ಯೂನಿಟ್ಟಿಗೆ ₹8 ಇದ್ದದ್ದನ್ನು ₹5.50ಕ್ಕೆ ಇಳಿಸುವುದಾಗಿ ತಮಿಳುನಾಡು ಸರ್ಕಾರ ಹೇಳಿತು. ಅದನ್ನು ಹಿಡಿದು ಒಂದು ಸಂಜೆ ಭೋಗ್ಯದಣ್ಣ ತಾನಾಗಿ ಮೇಷ್ಟ್ರ ಬಾಗಿಲು ತಟ್ಟಿದ. ಸೆಕ್ರೆಟರಿಯಾದ ಮೇಲೆ ಅವರ ಬಾಗಿಲಿಗೆ ಅವನು ಬಂದದ್ದು ಅದೇ ಮೊದಲು. ಎರಡು ತಿಂಗಳಿಗೆ ಇನ್ನೂರು ಯೂನಿಟ್ಟು, ಯೂನಿಟ್ಟಿಗೆ ಎರಡೂವರೆ ರೂಪಾಯಿ ಉಳಿತಾಯ, ಒಟ್ಟು ಐನೂರು, ಒಂಬತ್ತು ಮನೆಗೆ ಹಂಚಿದರೆ ಮನೆಗೆ ಐವತ್ತೈದು ರೂಪಾಯಿ ಚಿಲ್ಲರೆ. ಅದನ್ನು ತನ್ನ ಲೆಕ್ಕದಲ್ಲಿ ಮುರಿಯಬೇಕು ಎಂದು ಕೂತ. ಕೊಡದ ದುಡ್ಡಿನಲ್ಲಿ ಮುರಿಯುವುದು ಹೇಗೆ ಎಂದು ಮೇಷ್ಟ್ರಿಗೆ ಯಾವ ಗಣಿತ ಪುಸ್ತಕದಲ್ಲೂ ಸಿಗಲಿಲ್ಲ.

ನೀರಿನ ವಿಷಯಕ್ಕೆ ಬಂದರೆ ಅವನ ವಾದ ಜಪಾನಿಗೇ ಹೋಗುತ್ತದೆ. ಧರ್ಮಪುರಿಯ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡು ಜಾಸ್ತಿ. ಹಲ್ಲಿನ ಮೇಲೆ ಕಂದು ಕಲೆ ಹೊತ್ತ ತಲೆಮಾರುಗಳೇ ಇಲ್ಲಿವೆ. ಅದಕ್ಕೆಂದು ಜಪಾನಿನ ಜೈಕಾ ಸಂಸ್ಥೆಯ ಸಾಲ ತಂದು, ಸುಮಾರು ₹1,928 ಕೋಟಿಯಲ್ಲಿ ಹೊಗೆನಕಲ್ಲಿನ ಕಾವೇರಿಯನ್ನು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕೊಳವೆಯಲ್ಲಿ ಹರಿಸಿದರು. 2008ರಲ್ಲಿ ಶಂಕುಸ್ಥಾಪನೆಯ ಹೊತ್ತಿಗೆ ಎರಡು ರಾಜ್ಯಗಳಲ್ಲೂ ಕೂಗಾಟ. 2013ರಲ್ಲಿ ನೀರು ಬಂತು. ಆ ನೀರು ಗುಡ್ಡ ಹತ್ತಿ, ಊರು ದಾಟಿ ಕಟ್ಟಡದ ಸಂಪಿನವರೆಗೆ ಬರುತ್ತದೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸುವ ನಲವತ್ತು ಅಡಿಗೆ ಮೋಟಾರು ಬೇಕು.

“ಜಪಾನಿನವರು ಅಷ್ಟು ಕೋಟಿ ಕೊಟ್ಟೋರು ಒಂದು ಮೋಟಾರ್ ಕರೆಂಟಿಗೆ ಕೊಡಲ್ವಾ?”

“ಅಣ್ಣ, ಅದು ಸಾಲ. ತೀರಿಸ್ಬೇಕು.”

“ನೋಡಿ! ಸರ್ಕಾರವೇ ಸಾಲದಲ್ಲಿದೆ. ನಮ್ಮದೇನು ಮೇಷ್ಟ್ರೇ.”

ನೀರು ನಿಲ್ಲಿಸಿದರೆ ಬುದ್ಧಿ ಬರುತ್ತದೆ ಎಂದು ಮೂರನೇ ಅಂತಸ್ತಿನವರು ವಾಲ್ವಿನ ಕಡೆ ಕೈ ತೋರಿಸಿದರು. ಅಷ್ಟರಲ್ಲೇ ಭೋಗ್ಯದಣ್ಣ ತಮಿಳುನಾಡಿನ 2017ರ ಮನೆ ಒಡೆಯ–ಬಾಡಿಗೆದಾರರ ಕಾಯ್ದೆಯ ಪ್ರಿಂಟನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದ. ಮನೆ ಒಡೆಯನಾಗಲಿ, ಮನೆ ನೋಡಿಕೊಳ್ಳುವವನಾಗಲಿ ನೀರು, ಕರೆಂಟಿನಂಥ ಅಗತ್ಯ ಸೌಕರ್ಯ ತಡೆಯಕೂಡದು ಎಂಬ ಸಾಲಿಗೆ ಅವನೂ ಗೀಟು ಹಾಕಿದ್ದ, ಮೇಷ್ಟ್ರ ಕೆಂಪು ಪೆನ್ಸಿಲಿನಲ್ಲೇ. ಅಂಟಿಸಿದ ಗೋಂದೂ ಅಸೋಸಿಯೇಷನ್ನಿನದು.

ಮೇಷ್ಟ್ರಿಗೆ ಲಂಡನ್ನಿನಲ್ಲಿ ಒಬ್ಬ ಅಳಿಯ. ಅಲ್ಲಿ ಫ್ಲ್ಯಾಟು ಕೊಂಡರೂ ನೆಲ ಬೇರೆಯವನದು. ನೂರಿಪ್ಪತ್ತೈದು ವರ್ಷದ ಲೀಸು, ವರ್ಷ ವರ್ಷ ಸರ್ವಿಸ್ ಚಾರ್ಜು. ಬಾಕಿ 350 ಪೌಂಡು ದಾಟಿದರೆ, ಇಲ್ಲವೇ ಮೂರು ವರ್ಷಕ್ಕಿಂತ ಹಳೆಯದಾದರೆ, ನೆಲದ ಒಡೆಯ ಲೀಸನ್ನೇ ರದ್ದು ಮಾಡಿಸಲು ಕಾನೂನಿನ ದಾರಿ ಹಿಡಿಯಬಹುದು ಎಂದು ಅಳಿಯ ಫೋನಿನಲ್ಲಿ ಗೋಳಾಡಿದ. ಅವನ ಗೋಳು ಕೇಳಿ ಮೇಷ್ಟ್ರಿಗೆ ಅಂದು ರಾತ್ರಿ ಒಳ್ಳೆಯ ನಿದ್ದೆ ಬಂತು.

ಭೋಗ್ಯದಣ್ಣ ಜುಗ್ಗ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಧರ್ಮಪುರಿಯ ಹಳೆಯ ಹೆಸರು ತಗಡೂರು. ಆಯುಸ್ಸು ಹೆಚ್ಚಿಸುವ ಅಪರೂಪದ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರಿಗೆ ಕೊಟ್ಟ ಅದಿಯಮಾನ್ ಆಳಿದ ಊರು. ತಮಿಳರ ಏಳು ಮಹಾದಾನಿಗಳಲ್ಲಿ ಅವನೊಬ್ಬ. ಅವನ ಊರಿನ ಗಾಳಿ ಭೋಗ್ಯದಣ್ಣನಿಗೂ ತಾಕಿದೆ. ಮಾರಿಯಮ್ಮನ ಜಾತ್ರೆಗೆ ಅವನದು ₹5,001. ಗೋಡೆಯ ಕಲ್ಲಿನಲ್ಲಿ ಹೆಸರಿದೆ, ಇನಿಷಿಯಲ್ ಸಮೇತ. ಮದುವೆಗಳಲ್ಲಿ ಮುಯ್ಯಿ ಬರೆಸುವ ಮೇಜಿನ ಮುಂದೆ ಮೊದಲ ಐದು ಜನರಲ್ಲಿ ಅವನಿರುತ್ತಾನೆ. ತಮಿಳಿನವರು ‘ಮೊಯ್’ ಅನ್ನುವ ಆ ಕಾಣಿಕೆ ನೋಟುಪುಸ್ತಕಕ್ಕೆ ಏರುತ್ತದೆ, ಕೆಲವು ಕಡೆ ಮೈಕಿಗೂ ಏರುತ್ತದೆ, ಮುಂದೆ ಅವನ ಮನೆಯ ಮದುವೆಗೆ ವಾಪಸೂ ಬರುತ್ತದೆ. ಮೇಂಟೆನೆನ್ಸು ಮೂರರಲ್ಲಿ ಯಾವುದನ್ನೂ ಮಾಡುವುದಿಲ್ಲ. ಗುಡಿಸಿದ ಮೆಟ್ಟಿಲ ಮೇಲೆ ಕೊಟ್ಟವನ ಹೆಸರು ಕಾಣುವುದಿಲ್ಲ.

ಈ ಗುಟ್ಟು ಹೊಳೆದದ್ದು ಮೇಷ್ಟ್ರಿಗಲ್ಲ, ಅವರ ಹೆಂಡತಿಗೆ. ಪೊಂಗಲ್‌ಗೆ ಎರಡು ದಿನ ಮುಂಚೆ ಒಂದು ಹೊಸ ನೋಟುಪುಸ್ತಕ ತರಿಸಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮೇಲೆ ಗಣಪತಿಯ ಗುರುತಾದ ಪಿಳ್ಳೆಯಾರ್ ಸುಳಿ ಬರೆಸಿದರು. ಮೆಟ್ಟಿಲ ಬುಡದಲ್ಲಿ ಮೇಜು, ತಟ್ಟೆಯಲ್ಲಿ ಎಲೆ ಅಡಿಕೆ, ಕಲ್ಲುಸಕ್ಕರೆ. ಗುಡಿಯಿಂದ ಎರವಲು ತಂದ ಮೈಕು. ಮೇಷ್ಟ್ರು ಒಂದೊಂದು ಮನೆಯನ್ನೂ ಕರೆದರು. “ಮೂರನೇ ಅಂತಸ್ತು, ಎಡಗಡೆ ಮನೆ, ಒಂದು ಸಾವಿರ!” ದಾರಿಯಲ್ಲಿ ಹೋಗುವವರು ಗೃಹಪ್ರವೇಶವೆಂದು ನಿಂತು ನೋಡಿದರು. ಬೀದಿಯ ಹೆಂಗಸರು ಬಾಗಿಲಿಗೆ ಬಂದರು. ಎಂಟು ಮನೆ ಮುಗಿಯುವಷ್ಟರಲ್ಲಿ ಭೋಗ್ಯದಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಇಳಿದು ಬಂದ. ಜೇಬಿನಿಂದ ಕವರು ತೆಗೆದು ಎರಡೂ ಕೈಯಲ್ಲಿ ಕೊಟ್ಟ.

“ಮೇಷ್ಟ್ರೇ, ಇನಿಷಿಯಲ್ ಸೇರಿಸಿ ಓದಿ.”

ಮೇಷ್ಟ್ರು ಮೂರು ಸಲ ಓದಿದರು. ಕವರಿನಲ್ಲಿ ₹14,001 ಇತ್ತು. ಮುಯ್ಯಿ ಬರೆಸುವಾಗ ಮೊತ್ತವನ್ನು ಸೊನ್ನೆಯಲ್ಲಿ ನಿಲ್ಲಿಸುವುದು ಅವನ ಮನೆಯ ರೂಢಿಯಲ್ಲ.

ಆ ನೋಟುಪುಸ್ತಕ ಈಗಲೂ ಮೇಷ್ಟ್ರ ಬಳಿ ಇದೆ. ಅದರ ಎರಡನೇ ಪುಟದಲ್ಲಿ, ಭೋಗ್ಯದಣ್ಣನ ಮನೆಯ ಎದುರು, ಕೆಂಪು ಪೆನ್ಸಿಲಿನಲ್ಲಿ ಬರೆದ ಒಂದೇ ಸಾಲು: ಮುಂದಿನ ತಿಂಗಳ ಬಾಕಿ, ₹999.