ಅಟ್ಟ ಇಳಿದ ಕ್ಯಾಸೆಟ್ಟುಗಳು

ಮನೆ ಹಗುರಾಗಬೇಕಾದರೆ ಹಳೇ ಕ್ಯಾಸೆಟ್ಟು, ಆಲ್ಬಮ್ಮುಗಳನ್ನೆಲ್ಲ ಡಿಜಿಟಲ್ ಮಾಡಿಬಿಡಿ ಎಂದು ಈಗ ಎಲ್ಲರೂ ಉಪದೇಶ ಮಾಡುತ್ತಾರೆ. ಹೀಗೆ ಹೇಳುವವರು ಅಟ್ಟ ಹತ್ತಿದವರಲ್ಲ. ಹತ್ತಿದವರಿಗೆ ಗೊತ್ತು, ಕ್ಯಾಸೆಟ್ಟಿಗೆ ಅವಸರವೆಂಬುದೇ ಇಲ್ಲ. 90 ನಿಮಿಷದ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿಯಲು 90 ನಿಮಿಷವೇ ಬೇಕು. ಅದೂ ನಡುವೆ ಯಾರಾದರೂ ಎದ್ದು ಹೋಗಿ ಮಗ್ಗುಲು ಬದಲಿಸಿದರೆ.

ನಮ್ಮ ಮನೆಯಲ್ಲಿ ಸಾಮಾನು ಕಡಿಮೆ ಮಾಡುವ ಈ ಯಜ್ಞಕ್ಕೆ ಮೊದಲು ಸಾಮಾನೇ ಬಂತು. ಸ್ಕ್ಯಾನರ್, ಟೇಪ್ ರೆಕಾರ್ಡರ್, ಗಂಟುಬಿದ್ದ ವೈರುಗಳು. ವಿಸಿಆರ್ ಮಾತ್ರ ಹೊಸದು ಎಲ್ಲೂ ಇಲ್ಲ. ಅದನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಕೈತೊಳೆದುಕೊಂಡಿದೆ. ಕೊನೆಗೆ ಗುಜರಿಯವನೇ ಗತಿಯಾದ. "ಓಡುತ್ತೆ ಸಾರ್, ಆದ್ರೆ ಅದಕ್ಕೆ ಮನಸ್ಸು ಬರಬೇಕು" ಎಂದು ಹೇಳಿಯೇ ಕೊಟ್ಟ.

ಮದುವೆಯ ವಿಡಿಯೋ ಕ್ಯಾಸೆಟ್ಟಿಗೆ ಮಳೆಗಾಲದ ಬೂಷ್ಟು ಹಿಡಿದಿತ್ತು. ಒರೆಸಿ ಹಾಕಿದರೆ, ಗುಲಾಬಿ ಹೂವಿನೊಳಗೆ ಗಿರಗಿರನೆ ತಿರುಗುವ ನನ್ನ ಮುಖ. ಧಾರೆ ಎರಡೇ ನಿಮಿಷ, ಊಟದ ಪಂಕ್ತಿ ಅರ್ಧ ಗಂಟೆ! ಬಾಯಿಗೆ ಹೋಳಿಗೆ ಇಟ್ಟವರನ್ನೆಲ್ಲ ಕ್ಯಾಮೆರಾದವನು ಲೈಟು ಬಿಟ್ಟು ಹಿಡಿದಿದ್ದ.

"ನಿಲ್ಸಿ, ನಿಲ್ಸಿ. ಈ ಕೆಂಪು ಸೀರೆಯವರು ಯಾರು?" ಎಂದಳು ಹೆಂಡತಿ.

"ನಿಮ್ಮ ಕಡೆಯವರೇ ಇರಬೇಕು."

"ನಮ್ಮ ಕಡೆಯವರು ಮೂರನೇ ಹೋಳಿಗೆ ಹಾಕಿಸ್ಕೊಳ್ಳಲ್ಲ."

ಅವರೆ ಬಿಡಿಸುತ್ತಿದ್ದ ಅಮ್ಮ ತಲೆಯೆತ್ತಿ ನೋಡಿದರು. "ಯಾರ ಕಡೆಯವರೂ ಅಲ್ಲ. ಎದುರು ಛತ್ರದ ಮದುವೆಗೆ ಬಂದವರು. ನಾನು ವಿಚಾರಿಸೋ ಹೊತ್ತಿಗೆ ಊಟ ಅರ್ಧ ಆಗಿತ್ತು. ಎಲೆ ಮುಂದಿಂದ ಎಬ್ಬಿಸೋಕಾಗುತ್ತಾ?"

ಇಷ್ಟು ವರ್ಷ ಈ ಸಂಗತಿ ಕ್ಯಾಸೆಟ್ಟಿನಲ್ಲಿರಲಿಲ್ಲ, ಅಮ್ಮನ ತಲೆಯಲ್ಲಿತ್ತು. ಅದಕ್ಕೆ ಹಾಕಲು ವೈರಿಲ್ಲ.

ಎಲ್ಲ ಇಳಿಸಿ ಮುಗಿದ ಮೇಲೆ, "ಇನ್ನು ಇವನ್ನು ಎಸೆಯಬಹುದಲ್ಲ?" ಎಂದೆ. "ಕಂಪ್ಯೂಟರ್ ಕೆಟ್ಟರೆ?" ಎಂದರು ಅಮ್ಮ. ಬಲ್ಲವರೂ ಅದನ್ನೇ ಹೇಳುತ್ತಾರೆ: ಪ್ರತಿಯೊಂದಕ್ಕೂ ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಮನೆಯಿಂದ ಹೊರಗಿರಲಿ. ಹೀಗಾಗಿ ಒಂದಿದ್ದ ಮದುವೆ ಮೂರಾಯಿತು. ಮೂಲ ಮತ್ತೆ ಅಟ್ಟ ಸೇರಿತು. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಜಾಗ ಹೋಳಿಗೆಯವರಿಂದಲೇ ತುಂಬುತ್ತ ಬಂತು.

ಪ್ರತಿ ಎಷ್ಟಿದ್ದರೇನು, ಮುಂದೆ ಅದನ್ನು ಓದುವ ಯಂತ್ರವೂ ಇರಬೇಕಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ 'ಅರ್ಥಶಾಸ್ತ್ರ'ದ ತಾಳೆಗರಿ ಪ್ರತಿ ಸಿಕ್ಕಿದಾಗ ಅವರು ಗುಜರಿ ಅಂಗಡಿ ಸುತ್ತಬೇಕಾಗಲಿಲ್ಲ. ಲಿಪಿ ಬಲ್ಲ ಕಣ್ಣು ಸಾಕಾಯಿತು. ನಮ್ಮ ಹಾರ್ಡ್ ಡಿಸ್ಕಿಗೆ ಮುಂದೆ ಯಾವ ಪಿನ್ನು ಹುಡುಕಬೇಕೋ, ಮೊಮ್ಮಕ್ಕಳ ಹಣೆಬರಹ.

ಡಿಜಿಟಲ್ ಮಾಡಬೇಡಿ ಎನ್ನುತ್ತಿಲ್ಲ. ಬೂಷ್ಟು ಯಾರಿಗೂ ಕಾಯುವುದಿಲ್ಲ, ಮಾಡಲೇಬೇಕು. ಆದರೆ ಮನೆ ಹಗುರಾಗುವುದು ಸ್ಕ್ಯಾನ್ ಮಾಡುವುದರಿಂದಲ್ಲ, ಆರಿಸುವುದರಿಂದ. ಒಂದೇ ನಗುವಿನ ಹತ್ತು ಫೋಟೋ ಇದ್ದರೆ ಒಂದನ್ನು ಉಳಿಸಿಕೊಳ್ಳಿ. ಕೆಲಸಕ್ಕೆ ಕೂರುವಾಗ ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದ ಹೆಸರು, ಊರು, ನಂಟನ್ನು ಆ ಫೈಲಿನ ಮೇಲೆಯೇ ಬರೆದಿಡಿ. ಅವರಿಗೆ ಕಾಫಿ ಕೊಡುವುದನ್ನು ಮಾತ್ರ ಮರೆಯಬೇಡಿ.