ರಸೀದಿ ರಾಯರ ಬೀಳ್ಕೊಡುಗೆ

ಸರಕಾರಿ ಕಚೇರಿಗಳಲ್ಲಿ ಮನುಷ್ಯನನ್ನು ಅವನ ಹುದ್ದೆಯಿಂದ ಗುರುತಿಸುವುದು ಪೂರ್ವಕಾಲದಿಂದ ಬಂದ ಸಂಪ್ರದಾಯ. ನಮ್ಮ ರಾಯರಾದರೋ ನಮ್ಮನ್ನೆಲ್ಲ ರಕ್ತದಿಂದ ಗುರುತಿಸುತ್ತಿದ್ದರು. "ಟಪಾಲು ಶಾಖೆಯ ಬಿ ಪಾಸಿಟಿವ್ ಇವತ್ತು ಬಂದಿಲ್ಲವೇ?" ಎಂದು ಅವರು ಕೇಳಿದರೆ ಯಾರನ್ನು ಕುರಿತ ಪ್ರಶ್ನೆಯೆಂಬುದು ಬಾಗಿಲ ಬಳಿಯ ಜವಾನನಿಗೂ ತಿಳಿಯುತ್ತಿತ್ತು. ಓ ನೆಗೆಟಿವ್ ಗುಂಪಿನ ಬೆರಳಚ್ಚುಗಾರನೊಬ್ಬನಿಗೆ ಪರಸ್ಥಳಕ್ಕೆ ವರ್ಗವಾದಾಗ, ಅವನ ಹೆಂಡತಿಗಿಂತ ಮೊದಲೇ ವ್ಯಾಕುಲರಾದ ರಾಯರು ವರ್ಗಾವಣೆಯನ್ನು ರದ್ದುಪಡಿಸಬೇಕೆಂದು ಮೇಲಧಿಕಾರಿಗಳಿಗೆ ಮನವಿ ಬರೆದುಕೊಂಡರು. ಕಾರಣವೆಂಬಲ್ಲಿ "ಅಪರೂಪದ ಗುಂಪು" ಎಂದಷ್ಟೇ ಇದ್ದಿತು.

ತಂದೆತಾಯಿಗಳು ಇಟ್ಟ ಹೆಸರು ಸೇವಾಪುಸ್ತಕದಲ್ಲಿ ಭದ್ರವಾಗಿದ್ದಿತಾದರೂ ಲೋಕದಲ್ಲಿ ಅವರು ರಸೀದಿ ರಾಯರೆಂದೇ ಪ್ರಸಿದ್ಧರು. ಎಡಗಂಕುಳಲ್ಲಿ ಕೊಡೆ, ಜುಬ್ಬದ ಜೇಬಿನಲ್ಲಿ ನೂರು ಹಾಳೆಯ ರಸೀದಿ ಪುಸ್ತಕ, ಅದರೊಳಗೆ ಸವೆದು ಸವೆದು ಅಮಾವಾಸ್ಯೆಯ ಆಕಾಶದಂತೆ ಚುಕ್ಕೆಚುಕ್ಕೆಯಾಗಿ ಬೆಳಕು ಬಿಡುವ ಕಾರ್ಬನ್ ಹಾಳೆ, ಈ ಪರಿಕರಗಳೊಡನೆ ಅವರು ಮೊಗಸಾಲೆಯ ಆ ತುದಿಯಲ್ಲಿ ಕಾಣಿಸಿಕೊಂಡ ಕೂಡಲೆ ಈ ತುದಿಯಲ್ಲಿ ತಲೆಗಳು ಕಡತಗಳ ಮೇಲೆ ಬಾಗುತ್ತಿದ್ದುವು. ನಮ್ಮ ಕಚೇರಿಯಲ್ಲಿ ಕೆಲಸವೆಂಬುದು ತ್ವರಿತವಾಗಿ ನಡೆದದ್ದುಂಟಾದರೆ ಅದು ಬಹುಮಟ್ಟಿಗೆ ಆ ನಿಮಿಷಗಳಲ್ಲಿಯೇ. ಡಿಸೆಂಬರ್ 7ರ ಧ್ವಜ ದಿನಾಚರಣೆಗೆಂದು ಸರಕಾರವೂ ನಮ್ಮಿಂದ ಹಣ ಬೇಡುವುದುಂಟು. ಆದರೆ ಸರಕಾರಕ್ಕೆ ವರ್ಷದಲ್ಲಿ ಅದೊಂದು ದಿನ, ರಾಯರಿಗೆ ಮಿಕ್ಕ 364. 'ಇಲ್ಲ' ಎಂದವರ ಮೇಲೆ ಅವರು ಮುನಿಯುತ್ತಿರಲಿಲ್ಲ. "ಆಗಲಿ, ಬರುವ ತಿಂಗಳು" ಎಂದು ಸಾಲಗಾರರ ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅವರು ಕೇಳಿದ್ದು ಕಂಬಳಿ. ಮೊಣಕೈ ಹರಿದ ಸಫಾರಿ ಸೂಟನ್ನು ಉದಾರವಾಗಿ ತಂದೊಪ್ಪಿಸಿದ ಗುಮಾಸ್ತರೊಬ್ಬರಿಗೆ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಅವರು ಮನೆ ಕಳೆದುಕೊಂಡವರು ಸ್ವಾಮಿ, ಮಾನ ಕಳೆದುಕೊಂಡವರಲ್ಲ" ಎಂದು ಮಡಿಸಿ ಹಿಂದಿರುಗಿಸಿದರು.

2006ರ ಏಪ್ರಿಲಿನಲ್ಲಿ ಡಾ. ರಾಜ್‌ಕುಮಾರರು ಕಾಲವಾಗಿ, ಅವರ ಕಣ್ಣುಗಳು ದಾನವಾದ ಸುದ್ದಿ ನಾಡಿಗೆಲ್ಲ ಹಬ್ಬಿದಾಗ, ಆ ಆವೇಶದಲ್ಲಿ ನಾನೂ ರಾಯರ ಕೈಯಿಂದ ನಮೂನೆಯನ್ನು ಕಸಿದು ಸಹಿ ಹಾಕಿದೆನು. ಅಂದಿನಿಂದ ನನ್ನ ಕಣ್ಣುಗಳು ನನ್ನವಾಗಿ ಉಳಿಯಲಿಲ್ಲ. ರಾತ್ರಿಯೆಲ್ಲ ಕ್ರಿಕೆಟ್ಟು ನೋಡಿ ಕೆಂಗಣ್ಣನಾಗಿ ಬಂದೆನಾದರೆ, ಬಾಡಿಗೆಗೆ ಕೊಟ್ಟ ಮನೆಯ ಗೋಡೆಗೆ ಮೊಳೆ ಹೊಡೆದಿರುವುದನ್ನು ಕಂಡ ಯಜಮಾನನ ಮುಖ ಅವರದಾಗುತ್ತಿತ್ತು. "ಕನ್ನಡಕ ಬಂದರೂ ಚಿಂತೆಯಿಲ್ಲ, ಪೊರೆಯ ಆಪರೇಷನ್ ಆದರೂ ತೆಗೆದುಕೊಳ್ಳುತ್ತಾರೆ; ಆದರೆ ಆರು ಗಂಟೆಯೊಳಗೆ ತಿಳಿಸಬೇಕು, ಫ್ಯಾನು ನಿಲ್ಲಿಸಬೇಕು, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು" ಎಂದು, ನಾನು ಮೊಸರನ್ನ ಉಣ್ಣುತ್ತಿರುವಂತೆಯೇ, ನನ್ನ ಅಂತ್ಯಕಾಲದಲ್ಲಿ ಆಚರಿಸತಕ್ಕ ವಿಧಿಗಳನ್ನು ಪಕ್ಕದವರಿಗೆ ಬೋಧಿಸುತ್ತಿದ್ದರು.

ಹಾಸ್ಯ ಮಾಡುವುದು ಸುಲಭ. ನನ್ನ ತಂದೆಯವರಿಗೆ ಒಂದು ಮಳೆಗಾಲದ ಮಧ್ಯರಾತ್ರಿ ರಕ್ತ ಬೇಕೆಂದು ವೈದ್ಯರು ಹೇಳಿದಾಗ ನಾನು ಮೊದಲು ಫೋನು ಮಾಡಿದ್ದು ಬಂಧುಗಳಿಗಲ್ಲ. ಮುಕ್ಕಾಲು ಗಂಟೆಯೊಳಗಾಗಿ ರಾಯರು, ಎಲ್ಲಿಂದಲೋ ಎಬ್ಬಿಸಿ ತಂದ ಇಬ್ಬರು ಹುಡುಗರೊಡನೆ, ತೊಯ್ದ ಕೊಡೆಯಿಂದ ನೀರು ಸುರಿಸುತ್ತ ರಕ್ತನಿಧಿಯ ಬಾಗಿಲಲ್ಲಿ ನಿಂತಿದ್ದರು. ತಾವೂ ತೋಳು ಮಡಿಸಿಕೊಂಡು ಮಂಚದ ಮೇಲೆ ಕುಳಿತಾಗ, ಹಿಂದೆ ಕೊಟ್ಟದ್ದು ಯಾವಾಗ ಎಂದು ಅಲ್ಲಿನವರು ಕೇಳಿದರು. ಸುಳ್ಳಾಡಿ ಅಭ್ಯಾಸವಿಲ್ಲದ ರಾಯರು ಬೆರಳು ಮಡಿಸಿ ಎಣಿಸಿ, "ಮೂರು ತಿಂಗಳಿಗೆ ಹನ್ನೊಂದು ದಿನ ಕಡಮೆ" ಎಂದು, ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕನಂತೆ ತಲೆತಗ್ಗಿಸಿ ಕೆಳಗಿಳಿದರು. ಬೆಳಗ್ಗೆ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ನಾನು ಕೃತಜ್ಞತೆಯಿಂದ ಮಾತು ಹೊರಡದೆ ಅವರ ಕೈ ಹಿಡಿದುಕೊಂಡೆನು. ಅವರು ಮೆಲ್ಲಗೆ ಕೈ ಬಿಡಿಸಿಕೊಂಡು ಜೇಬಿಗೆ ಹಾಕಿ, "ಕೋಲಾರದ ಕಡೆ ಒಂದು ಶಾಲೆ, ಮಕ್ಕಳಿಗೆ ಬೆಂಚಿಲ್ಲ" ಎಂದರು. 500 ರೂಪಾಯಿ.

ಇಂಥವರಿಗೂ ನಿವೃತ್ತಿಯುಂಟು. ಅವರ ತಲೆಮಾರಿನ ಅರ್ಧ ಕರ್ನಾಟಕವನ್ನು ಶಾಲೆಗೆ ಸೇರಿಸುವಾಗ ಜೂನ್ 1ರಂದು ಹುಟ್ಟಿಸಿದ ಹಳ್ಳಿಯ ಮೇಷ್ಟರುಗಳು ರಾಯರನ್ನೂ ಅದೇ ದಿನ ಹುಟ್ಟಿಸಿದ್ದರಾಗಿ, ತಿಂಗಳ ಮೊದಲ ತೇದಿಯಲ್ಲಿ ಜನಿಸಿದವರು ಹಿಂದಿನ ತಿಂಗಳ ಕಡೆಯ ದಿನವೇ ಹೊರಡತಕ್ಕದ್ದೆಂಬ ನಿಯಮಕ್ಕೆ ಅನುಸಾರವಾಗಿ, 60 ತುಂಬುವ ಮುನ್ನಾದಿನ, ಮೇ 31ರ ಸಂಜೆ ಸನ್ಮಾನವೆಂದು ನಿಶ್ಚಯವಾಯಿತು. ಮೂವರ ಸಮಿತಿಯೊಂದು ಏರ್ಪಟ್ಟಿತು, ನಾನೂ ಅದರಲ್ಲಿದ್ದೆನು. ಮೂರು ದಿನ ಮೇಜಿನಿಂದ ಮೇಜಿಗೆ ಅಲೆದು ನಾವು ಕೂಡಿಸಿದ್ದು 640 ರೂಪಾಯಿ. ನಮ್ಮನ್ನು ಕಂಡು ಯಾರೂ ಕಡತ ಬಿಚ್ಚಲಿಲ್ಲ, ನಿರ್ಭಯವಾಗಿ ನಕ್ಕು "ನಾಳೆ ಬನ್ನಿ" ಎಂದರು. ನಾಲ್ಕನೆಯ ದಿನ ರಾಯರೇ ನಮ್ಮ ದುರವಸ್ಥೆಯನ್ನು ನೋಡಲಾರದೆ, "ಹೀಗೆ ಕೇಳಿದರೆ ಯಾರು ಕೊಡುತ್ತಾರೆ, ಇಲ್ಲಿ ತನ್ನಿ" ಎಂದು ಪಟ್ಟಿಯನ್ನು ಕೈಗೆತ್ತಿಕೊಂಡು ಹೋಗಿ, ಊಟದ ಬಿಡುವು ಮುಗಿಯುವಷ್ಟರಲ್ಲಿ 11,200 ರೂಪಾಯಿಗಳೊಡನೆ ಹಿಂದಿರುಗಿದರು. ರಸೀದಿಯಲ್ಲಿ ಉದ್ದೇಶವೆಂಬ ಸ್ಥಳದಲ್ಲಿ, ಸಂಕೋಚದ ಸ್ವಭಾವದವರಾದ್ದರಿಂದ, "ನಿವೃತ್ತ ನೌಕರರೊಬ್ಬರ ಸಹಾಯಾರ್ಥ" ಎಂದು ಬರೆದಿದ್ದರು.

ಸಮಾರಂಭ ಎಲ್ಲ ಸಮಾರಂಭಗಳಂತೆಯೇ ನಡೆಯಿತು: ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಶಾಲೆ ತೆರೆಯುವ ಕಾಲ, ಹಾರದ ಬದಲು ನೋಟುಪುಸ್ತಕ ತನ್ನಿ ಎಂದು ಅವರು ಮೊದಲೇ ಕಟ್ಟುಮಾಡಿದ್ದರಿಂದ, ವೇದಿಕೆಯ ಮೇಲೆ ಪುಸ್ತಕದ ಕಟ್ಟುಗಳು ಏರಿ ಏರಿ ಸನ್ಮಾನಿತರ ಪೇಟವೊಂದು ಮಾತ್ರ ಸಭಿಕರಿಗೆ ಕಾಣುವಂತಾಯಿತು. ಮಾತನಾಡಿದ ಏಳು ಮಂದಿಯೂ, ರಾಯರು ಇನ್ನಾದರೂ ಶೇಷಾಯುಷ್ಯವನ್ನು ಮನೆಯಲ್ಲಿ ನೆಮ್ಮದಿಯಾಗಿ ಕಳೆಯಲೆಂದು, ಅಂತರಂಗದ ಹಾರೈಕೆಯೋ ಎಂಬಂತೆ ಒತ್ತಿ ಒತ್ತಿ ಹೇಳಿದರು. ಉತ್ತರ ಹೇಳಲು ಎದ್ದ ರಾಯರು ತಮ್ಮ ಸೇವೆಯ ಮಾತೆತ್ತದೆ ಸಣ್ಣ ಡೈರಿಯೊಂದನ್ನು ತೆರೆದು, "ಅಧ್ಯಕ್ಷರು ರಕ್ತ ಕೊಟ್ಟದ್ದು ಫೆಬ್ರವರಿ 9ಕ್ಕೆ, ಈಗ ಮತ್ತೆ ಕೊಡಬಹುದು" ಎಂದರು. ಅಧ್ಯಕ್ಷರು ಅರಿಯದೆಯೇ ಮೊಣಕೈ ಮುಚ್ಚಿಕೊಂಡರು.

ಸಂಪ್ರದಾಯದಂತೆ ನಾವು ಅವರನ್ನು ಇಲಾಖೆಯ ಜೀಪಿನಲ್ಲಿ ಮನೆಗೆ ಬಿಡಲು ಹೋದೆವು. ಮೊಣಕಾಲು ನೋವಿನಿಂದ ಸಮಾರಂಭಕ್ಕೆ ಬಾರದಿದ್ದ ರಾಯರ ಪತ್ನಿ ಬಾಗಿಲು ತೆರೆದು, ಶಾಲನ್ನಾಗಲಿ ಬುಟ್ಟಿಯನ್ನಾಗಲಿ ನೋಡದೆ, ನೋಟುಪುಸ್ತಕದ ಕಟ್ಟುಗಳನ್ನು ಎಣಿಸಿ, "ಒಳಗೆ ಜಾಗವಿಲ್ಲ, ಜಗಲಿಯ ಮೇಲಿಡಿ" ಎಂದರು. ಏನಾದರೊಂದು ಶುಭವಾಕ್ಯವನ್ನಾಡಬೇಕೆಂದು ನಾನು, "ಇನ್ನು ಮೇಲೆ ರಾಯರು ಮನೆಯಲ್ಲೇ ಇರುತ್ತಾರಲ್ಲ, ಅಮ್ಮ" ಎಂದೆನು. ಆಕೆ ನನ್ನ ಭುಜದ ಮೇಲಿಂದ ಬೀದಿಯ ಕಡೆ ನೋಡಿದರು. ಅಲ್ಲಿ, ಇನ್ನೂ ಪೇಟ ತೆಗೆಯದ ರಾಯರು, ವಾಯುವಿಹಾರ ಮುಗಿಸಿ ಬರುತ್ತಿದ್ದ ನೆರೆಮನೆಯವರನ್ನು ದೀಪದ ಕಂಬದ ಕೆಳಗೆ ನಿಲ್ಲಿಸಿಕೊಂಡು ಕಾರ್ಬನ್ ಹಾಳೆಯನ್ನು ಸರಿಪಡಿಸುತ್ತಿದ್ದರು.

"ಯಾರ ಮನೆಯಲ್ಲಿ?" ಎಂದರು ಆಕೆ.