ಹೋರಿ ಗೆದ್ದ ಗಾಡಿಯ ಸೆಲ್ಫು

ನನ್ನ ಬೈಕನ್ನು ಸಂಪಾದಿಸಿದ್ದು ಒಂದು ಹೋರಿ. ಬೆಂಗಳೂರಿನ ನೆಂಟರಿಗೆ ಹೀಗೆಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಹಾವೇರಿಯಲ್ಲಿ ಹೇಳಿದರೆ ಮಾತ್ರ "ಯಾವ ಊರ ಹೋರಿರೀ ಸರ?" ಎಂಬ ಪ್ರಶ್ನೆ ಬರುತ್ತದೆ. ದೀಪಾವಳಿ ಬಂತೆಂದರೆ ನಮ್ಮ ಜಿಲ್ಲೆಯ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ. ಕೊಂಬಿಗೆ ಬಲೂನು, ಮೈಗೆ ಜೂಲು, ಕೊರಳಿಗೆ ಒಣಕೊಬ್ಬರಿ ಸರ ಹಾಕಿಸಿಕೊಂಡ ಹೋರಿ ಜನರ ನಡುವೆ ನುಗ್ಗಿ ಓಡುತ್ತದೆ. ಹುಡುಗರು ಅದನ್ನು ಹಿಡಿದು ಕೊಬ್ಬರಿ ಹರಿಯಬೇಕು, ಅದು ಯಾರ ಕೈಗೂ ಸಿಗದೆ ಪಾರಾಗಬೇಕು. ಹಾಗೆ ಪಾರಾದ ಹೋರಿಗೆ ಬಂಗಾರ, ಫ್ರಿಜ್ಜು, ಬೈಕು ಮುಂತಾದ ಬಹುಮಾನಗಳು. ಹೋರಿಗೆ ಲೈಸೆನ್ಸ್ ಕೊಡುವ ಪದ್ಧತಿ ಆರ್‌ಟಿಓ ಕಚೇರಿಯಲ್ಲಿ ಇನ್ನೂ ಬಂದಿಲ್ಲವಾದ್ದರಿಂದ ಬೈಕು ಯಜಮಾನನ ಹೆಸರಿಗಾಗುತ್ತದೆ. ಹೀಗೆ ಕೆಎ 27 ಎಂದು ಬರೆಸಿಕೊಂಡ ಗಾಡಿಯೊಂದು, ಯಜಮಾನ ಕಾರು ಕೊಂಡ ಮೇಲೆ ನನ್ನ ಮನೆ ಸೇರಿತು.

ಈಗ ಅದಕ್ಕೆ ಹದಿನೈದು ವರ್ಷ ದಾಟಿದೆ. ಹಸಿರು ತೆರಿಗೆ ಕಟ್ಟಿಸಿಕೊಂಡು, ಮರುನೋಂದಣಿ ಮಾಡಿಸಿಕೊಂಡು, ಸರಕಾರದಿಂದ ಇನ್ನೈದು ವರ್ಷದ ಆಯುಷ್ಯ ಬರೆಸಿಕೊಂಡು ಬಂದಿದೆ. ಹಾವೇರಿಯಲ್ಲಿ ಮನೆ ಮಾಡಿ ಬ್ಯಾಡಗಿಯ ಹೈಸ್ಕೂಲಿನಲ್ಲಿ ಪಾಠ ಹೇಳುವ ನನಗೂ ಸರ್ವೀಸು ಹೆಚ್ಚುಕಡಿಮೆ ಅಷ್ಟೇ ಉಳಿದಿದೆ. ಗಾಡಿಗೆ ಕಿಕ್ಕರೂ ಇದೆ, ಸೆಲ್ಫೂ ಇದೆ. ನನಗೆ ಎರಡು ಮಂಡಿಗಳಿವೆ, ಆದರೆ ಅವನ್ನು ಬಳಸಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದ ನಮ್ಮಿಬ್ಬರ ಸಂಸಾರ ಬಲಗೈ ಹೆಬ್ಬೆರಳಿನ ಮೇಲೆ ನಡೆದಿತ್ತು.

ಒಂದು ಮುಂಜಾನೆ ಆ ಹೆಬ್ಬೆರಳೂ ಸೋತಿತು. ಗುಂಡಿ ಒತ್ತಿದರೆ ಒಳಗೆ 'ಗಿರ್ರ್' ಎಂದು ಏನೋ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಮಿಸುಕುವುದಿಲ್ಲ. ಯಾರ ಹಿಡಿತಕ್ಕೂ ಸಿಗದ ಹೋರಿ ಗೆದ್ದ ಗಾಡಿಯಲ್ಲವೇ! ಅದರ ಎಂಜಿನ್ನು ಸೆಲ್ಫಿನ ಹಿಡಿತಕ್ಕೆ ಸಿಗದಾಯಿತು.

ಗುಂಡಿ ಒತ್ತಿ ಎಂಜಿನ್ ಎಬ್ಬಿಸುವ ಸುಖ ಮನುಷ್ಯನಿಗೆ ಸುಮ್ಮನೆ ದಕ್ಕಿದ್ದಲ್ಲ. ಮೊದಲಿನ ಮೋಟಾರುಗಳಿಗೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ಸಿಟ್ಟಿಗೆದ್ದು ಹಿಂದಕ್ಕೆ ಒದ್ದರೆ ಹ್ಯಾಂಡಲ್ ತಿರುಗಿ ಬಂದು ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿಗೆ ಬಂದ ಮೇಲೆ ಶ್ರೀಮಂತರ ಮಣಿಕಟ್ಟುಗಳು ಉಳಿದವು. ನಮ್ಮ ಮಧ್ಯಮ ವರ್ಗದವರು ಮಾತ್ರ ಬಹುಕಾಲ ಬಜಾಜ್ ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ಒಂದು ಗಳಿಗೆ ಹಾಗೇ ಹಿಡಿದು, ಮನೆದೇವರನ್ನು ನೆನೆದು ಒದೆಯುತ್ತಿದ್ದರು. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂದು ಗುಂಡಿಯ ರುಚಿ ಹತ್ತಿಸಿತು. ಈಗ ಕಿಕ್ಕರೇ ಇಲ್ಲದ ಬೈಕುಗಳು ಕಾರ್ಖಾನೆಯಿಂದ ಹೊರಬರುತ್ತಿವೆ.

ನಮ್ಮೂರಲ್ಲಿ ಮನುಷ್ಯ ಕೆಟ್ಟರೆ ನಾಲ್ಕು ಜನ ಸೇರುತ್ತಾರೆ, ಗಾಡಿ ಕೆಟ್ಟರೆ ನಲವತ್ತು ಜನ. ಹಾಲು ತರಲು ಹೊರಟವರು ಹಾಲಿನ ಕ್ಯಾನು ಕೆಳಗಿಟ್ಟು "ಬ್ಯಾಟರಿ ಹೋಗೇತ್ರಿ" ಎಂದರು. ಪೇಪರಿನ ಹುಡುಗ "ಪ್ಲಗ್ಗಿಗೆ ಕಾರ್ಬನ್ ಹಿಡದೈತ್ರಿ" ಎಂದ. "ಪೆಟ್ರೋಲನ್ಯಾಗ ನೀರ ಬಂದೈತಿ" ಎಂದವರು ನಿವೃತ್ತ ತಹಶೀಲ್ದಾರರು. ಎದುರುಮನೆಯ ಅಜ್ಜಿ ಗಾಡಿಯನ್ನು ಹತ್ತಿರದಿಂದ ನೋಡಿ, "ಅಮಾಸಿಗೆ ನಿಂಬಿಹಣ್ಣ ಕಟ್ಟಿದ್ದಿಲ್ಲೇನ ತಮ್ಮಾ?" ಎಂದು ಕೇಳಿದಳು. ಹಿಡಿದವರು ಯಾರೂ ಬಿಡುವವರಲ್ಲ. ತಹಶೀಲ್ದಾರರಂತೂ ಸಂಜೆ ವಾಕಿಂಗ್ ಬಂದಾಗಲೂ ನಿಲ್ಲಿಸಿ ನೀರಿನ ಬಗ್ಗೆ ವಿಚಾರಿಸಿದರು.

ರಿಪೇರಿಗೆ ಭಾನುವಾರದ ತನಕ ಬಿಡುವಿಲ್ಲ. ಅಲ್ಲಿಯವರೆಗೆ ಗಾಡಿ ನಡೆದದ್ದು ಪರರ ಕಾಲಿನಿಂದ. ಹಾವೇರಿಯಲ್ಲಿ ಮಗ ಒದ್ದು ಕೊಟ್ಟರೆ ಎಂಜಿನ್ ಆರದಂತೆ ಜೋಪಾನವಾಗಿ ಶಾಲೆ ತಲುಪುತ್ತಿದ್ದೆ. ಸಂಜೆ ಶಾಲೆ ಬಿಟ್ಟ ಮೇಲೆ ಒದೆಯುವ ಭಾಗ್ಯ ವಿದ್ಯಾರ್ಥಿಗಳದ್ದು. "ಸರ್ರ ಗಾಡಿ ಒದಿಯೂದೈತಿ, ಬರ್ರಲೇ!" ಎಂಬ ಕೂಗು ಬಿದ್ದರೆ ಸಾಕು, ಹತ್ತನೇ ಇಯತ್ತೆಯ ಹುಡುಗರು ಸರತಿ ಸಾಲು ನಿಲ್ಲುತ್ತಿದ್ದರು. ಗಣಿತದಲ್ಲಿ ಯಾರಿಗೆ ಕಡಿಮೆ ಅಂಕ ಬಿದ್ದಿತ್ತೋ ಅವನ ಒದೆತದಲ್ಲಿ ಹೆಚ್ಚಿನ ಶ್ರದ್ಧೆ ಕಾಣುತ್ತಿತ್ತು. ಮೊದಲನೇ ಒದೆತಕ್ಕೆ ಗಾಡಿ ಎದ್ದರೂ, ತನ್ನ ಪಾಳಿ ತಪ್ಪಿತೆಂದು ಬೇಸರಗೊಂಡ ಹಿಂದಿನವನು "ಸರ, ಒಮ್ಮೆ ಬಂದ್ ಮಾಡ್ರಿ, ನಾನೂ ಹೊಡೀತೀನಿ" ಎನ್ನುತ್ತಿದ್ದ.

ಅದು ಮೆಣಸಿನಕಾಯಿ ಸುಗ್ಗಿ. ಜನವರಿ ಬಂತೆಂದರೆ ಬ್ಯಾಡಗಿ ಮಾರುಕಟ್ಟೆಗೆ ಲಾರಿ, ಟ್ರ್ಯಾಕ್ಟರುಗಳಲ್ಲಿ ಚೀಲಗಳು ಬಂದು ಬೀಳುತ್ತವೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಾಯಿ ಇದು. ಇದರಲ್ಲಿ ಡಬ್ಬಿ ತಳಿಯೂ ಉಂಟು, ಕಡ್ಡಿ ತಳಿಯೂ ಉಂಟು. ಖಾರ ಕಡಿಮೆ, ಬಣ್ಣ ಜಾಸ್ತಿ, ಆ ಬಣ್ಣದ ಸಾರ ಲಿಪ್‌ಸ್ಟಿಕ್ ತನಕ ಹೋಗುತ್ತದೆ. ಆದರೆ ಅದರ ಧೂಳಿಗೆ ಈ ಸಾತ್ವಿಕತೆ ಇಲ್ಲ. ಮಾರುಕಟ್ಟೆಯ ಎದುರು ಎಂಜಿನ್ ಆರಿತೋ, ಕೆಟ್ಟಿರಿ. ಒದೆಯಲು ಬಂದ ಹಮಾಲರು ಒದೆಯುತ್ತಾರೆ, ನಾನು ಆಕ್ಸಲರೇಟರ್ ಕೊಡಬೇಕು. ಅದೇ ಗಳಿಗೆಗೆ ನನಗೆ ಸೀನು. ಸೀನಿದಾಗ ಕೈ ಸಡಿಲಾಗಿ ಎಂಜಿನ್ ಮತ್ತೆ ಆರುತ್ತದೆ. "ಮಾಸ್ತರ, ಮೊದಲ ಸೀನಿ ಮುಗಸ್ರಿ, ಆಮ್ಯಾಲೆ ಹೊಡಿಯೂಣು" ಎಂದು ಹಿರಿಯ ಹಮಾಲರೊಬ್ಬರು ಕಾರ್ಯಕ್ರಮ ಗೊತ್ತುಮಾಡಿದರು.

ಇನ್ನೊಂದು ದಿನ ಮೋಟೆಬೆನ್ನೂರಿನಲ್ಲಿ ಹೆದ್ದಾರಿಯ ಪಕ್ಕ ಗಾಡಿ ನಿಂತಿತು. ಒದೆಯುವವರು ಯಾರೂ ಕಾಣದೆ ತಳ್ಳುತ್ತ ಹೊರಟೆ. ಗೊಣಗಬೇಕೆಂದು ಬಾಯಿ ತೆರೆದವನಿಗೆ ಇದು ಮೈಲಾರ ಮಹಾದೇವರ ಊರು ಎಂಬುದು ನೆನಪಾಯಿತು. 1930ರಲ್ಲಿ ಗಾಂಧೀಜಿಯ ಜೊತೆ ಸಾಬರಮತಿಯಿಂದ ದಂಡಿಯ ತನಕ ನಡೆದೇ ಹೋದ ಮನುಷ್ಯ ಅವರು. ಅಂಥವರ ಊರಿನಲ್ಲಿ ಪೆಟ್ರೋಲ್ ಬಂಕಿನ ತನಕ ಗಾಡಿ ತಳ್ಳುವುದಕ್ಕೆ ಗೊಣಗಿದರೆ ಶೋಭಿಸುವುದಿಲ್ಲವೆಂದು ಬಾಯಿ ಮುಚ್ಚಿಕೊಂಡು ತಳ್ಳಿದೆ.

ಭಾನುವಾರ ಹಾವೇರಿಯ ಗ್ಯಾರೇಜಿಗೆ ಹೋದಾಗ ತಹಶೀಲ್ದಾರರೂ ಜೊತೆಗಿದ್ದರು. ಮೇಸ್ತ್ರಿ ಮಿತಭಾಷಿ. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಗೆ ಕಾರಣಿಕ ನುಡಿಯುವ ಗೊರವಯ್ಯನನ್ನು ನೋಡಿದವರಿಗೆ ನಮ್ಮ ಮೇಸ್ತ್ರಿಯ ರೀತಿ ಬೇಗ ತಿಳಿಯುತ್ತದೆ. ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ, ಮಳೆಯೋ ಬೆಳೆಯೋ ರಾಜಕೀಯವೋ, ಅರ್ಥ ಬಿಡಿಸುವ ಕೆಲಸ ಜನರದ್ದು. ಮೇಸ್ತ್ರಿಯೂ ಟೀ ಲೋಟ ಕೆಳಗಿಟ್ಟು, "ಸದ್ದ ಮಾಡಬ್ಯಾಡ್ರಿ" ಎಂದು, ಗುಂಡಿ ಒತ್ತಿ, ಕಿವಿಯನ್ನು ಎಂಜಿನ್ನಿನ ಎಡಮಗ್ಗುಲಿಗಿಟ್ಟು ನುಡಿದ: "ನಡುವಿನಂವ ಕೈ ಬಿಟ್ಟಾನ." ಗೊರವಯ್ಯನ ಹಾಗೆ ಕೊನೆಗೆ 'ಪರಾಕ್' ಎನ್ನುವುದೊಂದು ಬಾಕಿ.

ಜನ ಅರ್ಥ ಬಿಡಿಸತೊಡಗಿದರು. ಮೆಣಸಿನಕಾಯಿ ಮಾರಲು ಬಂದಿದ್ದ ರೈತರೊಬ್ಬರು "ನಡುವಿನಂವ ಅಂದ್ರ ದಲಾಲನ ಬಿಡ್ರಿ, ಅಂವ ಯಾವಾಗ ಕೈ ಹಿಡದಿದ್ದ?" ಎಂದು ನಿಟ್ಟುಸಿರಿಟ್ಟರು. ಮೇಸ್ತ್ರಿ ಹೇಳಿದ್ದು ಸೆಲ್ಫ್ ಮೋಟಾರಿಗೂ ಎಂಜಿನ್ನಿಗೂ ನಡುವಿನ ಸ್ಟಾರ್ಟರ್ ಕ್ಲಚ್ಚಿನ ಮಾತು, ಗ್ಯಾರೇಜಿನವರ ಬಾಯಲ್ಲಿ ಒನ್ ವೇ ಕ್ಲಚ್ಚು.

ಎಡಗಡೆಯ ಮ್ಯಾಗ್ನೆಟ್ ಕವರು ತೆಗೆದರೆ ಆಯಸ್ಕಾಂತ ಹೊತ್ತ ಭಾರದ ಚಕ್ರ ಕಾಣುತ್ತದೆ. ಅದರ ಬೆನ್ನಿಗೆ ಈ ಕ್ಲಚ್ಚು. ಒಳಗೆ ಮೂರು ಪುಟ್ಟ ಉಕ್ಕಿನ ರೋಲರುಗಳು, ಪ್ರತಿಯೊಂದಕ್ಕೂ ಒಂದು ಸಣ್ಣ ಸ್ಪ್ರಿಂಗು. ರೋಲರು ಕೂರುವ ಜಾಗ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಇಕ್ಕಟ್ಟು. ಸೆಲ್ಫ್ ಮೋಟಾರು ಗೇರನ್ನು ತಿರುಗಿಸಿದಾಗ ರೋಲರುಗಳು ಇಕ್ಕಟ್ಟಿನ ಕಡೆ ಸರಿದು ಬೆಣೆ ಬಿಗಿದುಕೊಳ್ಳುತ್ತವೆ, ಗೇರೂ ಮ್ಯಾಗ್ನೆಟ್ಟೂ ಒಂದಾಗಿ ಎಂಜಿನ್ನು ತಿರುಗುತ್ತದೆ. ಎಂಜಿನ್ ಎದ್ದು ತನ್ನ ವೇಗದಲ್ಲಿ ಓಡತೊಡಗಿದ ಮರುಗಳಿಗೆಗೆ ರೋಲರುಗಳು ಅಗಲದ ಕಡೆ ಸರಿದು ಕೈಬಿಡುತ್ತವೆ. ಬಿಡದಿದ್ದರೆ ಎಂಜಿನ್ನಿನ ವೇಗಕ್ಕೆ ಪುಟ್ಟ ಮೋಟಾರು ಗಿರಗಿಟ್ಟಲೆಯಾಗಿ ಸುಟ್ಟುಹೋದೀತು. ಪೆಡಲು ನಿಲ್ಲಿಸಿದರೂ ಸೈಕಲ್ಲು ಮುಂದೆ ಹೋಗಲು ಬಿಡುವ ಫ್ರೀವೀಲು ಇದರ ದೊಡ್ಡಪ್ಪನ ಮಗ. ಕ್ಷಣಕಾಲ ಗಟ್ಟಿಯಾಗಿ ಹಿಡಿದು, ಕೆಲಸವಾದ ಕೂಡಲೇ ಬಿಟ್ಟು ಸರಿಯುವ ಇಂಥ ಗುಣ ನಮ್ಮ ಬೀದಿಯ ಸಲಹೆಗಾರರಲ್ಲಿ ಒಬ್ಬರಿಗಾದರೂ ಇದ್ದರೆ ನಾನು ಸಂಜೆ ನೆಮ್ಮದಿಯಿಂದ ವಾಕಿಂಗ್ ಹೋಗುತ್ತಿದ್ದೆ.

ವರ್ಷಗಟ್ಟಲೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ರೋಲರುಗಳ ಮೈ ಸವೆಯುತ್ತದೆ, ಸ್ಪ್ರಿಂಗು ಸೊರಗುತ್ತದೆ, ಗೇರಿನ ಕೊರಳಲ್ಲಿ ಗೀರು ಬೀಳುತ್ತದೆ. ಬ್ಯಾಟರಿ ಬಡವಾಗಿದ್ದಾಗ ಗುಂಡಿ ಒತ್ತಿದರೆ ಸವೆತ ಇನ್ನೂ ಬೇಗ. ಪಿಸ್ಟನ್ನು ಪೂರ್ತಿ ಮೇಲೇರಲಾರದೆ ಹಿಂದಕ್ಕೆ ಒದೆಯುತ್ತದೆ, ಆ ಪೆಟ್ಟು ನೇರ ರೋಲರುಗಳಿಗೆ. ತಹಶೀಲ್ದಾರರು ಇದನ್ನೆಲ್ಲ ಗಮನವಿಟ್ಟು ಕೇಳಿ, "ಹಂಗಾರ ಒಳಗ ನೀರ ಹೋಗಿದ್ದಕ್ಕ ಸವದಿರಬೇಕು" ಎಂದರು.

ಸಾಮಾನು ಹಾವೇರಿಯಲ್ಲಿ ಸಿಗಲಿಲ್ಲ. "ಈ ಮಾಡೆಲ್ ಬಂದ್ ಆಗಿ ಭಾಳ ದಿನ ಆತ್ರಿ ಸರ, ರಾಣೇಬೆನ್ನೂರಾಗ ನೋಡ್ರಿ" ಎಂದರು. ಬೀಜ, ಹತ್ತಿ, ವ್ಯಾಪಾರದ ಊರು ರಾಣೇಬೆನ್ನೂರು. ಅದು ನನ್ನ ಹೆಂಡತಿಯ ತವರೂ ಹೌದು. ಬಸ್ಸಿನಲ್ಲಿ ಹೋಗಿ, ಸಾಮಾನು ಕೊಂಡು, ಮುಂದಿನ ಬಸ್ಸಿಗೆ ವಾಪಸಾಗುವ ನನ್ನ ಯೋಜನೆ ಬಸ್‌ಸ್ಟ್ಯಾಂಡಿನಲ್ಲೇ ಮುಗಿಯಿತು. ಹೆಂಡತಿಯ ತಮ್ಮ ಕಾದು ನಿಂತಿದ್ದ. "ಮಾಮಾರ, ಊಟ ಮಾಡದ ಹೋದ್ರ ಅಕ್ಕ ನನ್ನ ಬಿಡೂದಿಲ್ಲ." ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಮೇಲೆ ಒಂದು ನಿದ್ದೆಯ ಆಗ್ರಹ. ಸ್ಟಾರ್ಟರ್ ಕ್ಲಚ್ಚನ್ನು ಕಂಡುಹಿಡಿದವನಿಗೆ ಅತ್ತೆಮನೆ ಇರಲಿಲ್ಲವೆಂದು ತೋರುತ್ತದೆ.

ಮಾವನವರು ಗುಟುಕು ಮಜ್ಜಿಗೆ ಕುಡಿದು ತಮ್ಮ ಯೆಜ್ಡಿ ಪುರಾಣ ತೆಗೆದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಒದೆಯುವ ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು. "ನಮ್ಮ ಗಾಡಿಗೆ ಸೆಲ್ಫೂ ಇದ್ದಿಲ್ಲ, ಸೆಲ್ಫಿನ ರಿಪೇರಿನೂ ಇದ್ದಿಲ್ಲ. ಒಂದು ಕಾಲು, ಎರಡು ಕೆಲಸ" ಎಂದರು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಮಾವನವರ ಗಾಡಿ ಹಿತ್ತಲಲ್ಲಿ ಈಗಲೂ ಇದೆ, ಕೋಳಿಗಳು ಅದರ ಸೀಟಿನ ಮೇಲೆ ಯಾವ ಲೈಸೆನ್ಸೂ ಇಲ್ಲದೆ ಕೂರುತ್ತವೆ.

ಅಂಗಡಿಯಲ್ಲಿ ಸಾಮಾನು ಸಿಕ್ಕಿತು. ರೋಲರು ಮಾತ್ರ ಹಾಕಿದರೆ ಸವೆದ ಗೇರು ಅವನ್ನೂ ತಿಂದುಹಾಕುತ್ತದೆಂದು ಗೇರು ಸಮೇತ ಪೂರ್ತಿ ಸೆಟ್ಟೇ ಕೊಂಡೆ. ಆ ಹೊತ್ತಿಗೆ ಮೇಸ್ತ್ರಿಯ ಫೋನು: ಮ್ಯಾಗ್ನೆಟ್ ಎಳೆಯುವ ಪುಲ್ಲರಿನ ಥ್ರೆಡ್ ಹೋಗಿದೆ, ಇದೇ ಅಳತೆಯದೊಂದು ಮಾಡಿಸಿಕೊಂಡು ಬನ್ನಿ. ಭಾವಮೈದುನ ಒಂದು ಲೇತ್ ಅಂಗಡಿಗೆ ಕರೆದೊಯ್ದ. ಅಲ್ಲಿ ತಿರುಗುತ್ತಿದ್ದುದು ಹೊಳೆಯಾಚೆಯ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತು. 1941ರಲ್ಲಿ ಶುರುವಾದ ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು, ಲೇತಿಗೆ ಮಾತ್ರ ಆ ಸುದ್ದಿ ಮುಟ್ಟಿದಂತಿರಲಿಲ್ಲ. ಉಕ್ಕಿನ ತುಂಡೊಂದು ನನ್ನ ಕಣ್ಣೆದುರೇ ಪುಲ್ಲರಾಯಿತು.

ಹಾವೇರಿಗೆ ಬಂದು ಜೋಡಣೆಗೆ ಕೂತಾಗ ಗ್ಯಾರೇಜಿನಲ್ಲಿ ಪ್ರೇಕ್ಷಕರು ಹೆಚ್ಚಿದ್ದರು. ಪುಲ್ಲರು ಬಿಗಿದು ಒಂದು ಪೆಟ್ಟು ಕೊಟ್ಟೊಡನೆ ಮ್ಯಾಗ್ನೆಟ್ಟು 'ಟಣ್' ಎಂದು ಕಳಚಿತು. ಹಳೆಯ ಕ್ಲಚ್ಚು ಬಿಚ್ಚುವಾಗ ಸ್ಪ್ರಿಂಗೊಂದು ಚಿಮ್ಮಿ ಎಲ್ಲೋ ಹಾರಿತು. ಎಲ್ಲರೂ ಬಗ್ಗಿ ಹುಡುಕತೊಡಗಿದರು. "ಅದು ಹಳೇದು ಬಿಡ್ರಿ, ಬ್ಯಾಡಾಗೈತಿ" ಎಂದು ಮೇಸ್ತ್ರಿ ಎಷ್ಟು ಹೇಳಿದರೂ ಯಾರೂ ಬಿಡಲಿಲ್ಲ. ಕಡೆಗೆ ತಹಶೀಲ್ದಾರರು ಅದನ್ನು ತಮ್ಮ ಟೀ ಲೋಟದ ತಳದಲ್ಲಿ, ಟೀ ಕುಡಿದಾದ ಮೇಲೆ, ಪತ್ತೆ ಹಚ್ಚಿದರು. ಇಷ್ಟರಲ್ಲಿ ಮೇಸ್ತ್ರಿ ಹೊಸ ಸೆಟ್ಟು ಕೂರಿಸಿ, ಮೂರು ಆಲನ್ ಬೋಲ್ಟಿಗೂ ಅಂಟು ಹಚ್ಚಿ ಬಿಗಿದು, ಅರ್ಧಚಂದ್ರದ ಪುಟ್ಟ ಕೀಯನ್ನು ಅದರ ಜಾಗಕ್ಕಿಟ್ಟು, ಹೊಸ ಪ್ಯಾಕಿಂಗು ಹಾಕಿ ಕವರು ಮುಚ್ಚಿ, ಹೊಸ ಆಯಿಲ್ ಸುರಿದು ಮುಗಿಸಿದ್ದ. ಗುಂಡಿ ಒತ್ತಿದೆ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಖುಷಿಪಡದವರು ಹೈಸ್ಕೂಲಿನ ಹುಡುಗರು ಮಾತ್ರ. ಅವರಿಗೆ ಸೋಮವಾರ ಈ ಸುದ್ದಿ ತಿಳಿದಾಗ ತರಗತಿಯಲ್ಲಿ ಶೋಕಾಚರಣೆಯ ವಾತಾವರಣವಿತ್ತು.

ಹಳೆಯ ಗಾಡಿ ಇಟ್ಟುಕೊಂಡ ಓದುಗರಿಗೆ ನಾಲ್ಕು ಮಾತು. ಗುಂಡಿ ಒತ್ತಿದಾಗ ಬರೀ 'ಟಿಕ್ ಟಿಕ್' ಎಂದರೆ ಮೊದಲು ಬ್ಯಾಟರಿ ನೋಡಿಸಿ. ಸದ್ದೇ ಇಲ್ಲದಿದ್ದರೆ ಫ್ಯೂಸು, ಸ್ವಿಚ್ಚು ನೋಡಿಸಿ. 'ಗಿರ್ರ್' ಎಂದು ತಿರುಗಿಯೂ ಎಂಜಿನ್ ಮಲಗಿದ್ದರೆ ನಡುವಿನವನು ಕೈಬಿಟ್ಟಿದ್ದಾನೆ, ಮತ್ತೆ ಮತ್ತೆ ಒತ್ತದೆ ಮೇಸ್ತ್ರಿಯ ಬಳಿ ಹೋಗಿ. ಚಳಿಗಾಲದಲ್ಲಿ ದಿನದ ಮೊದಲ ಸ್ಟಾರ್ಟು ಕಿಕ್ಕಿನಿಂದಲೇ ಆಗಲಿ, ಬ್ಯಾಟರಿಯೂ ರೋಲರೂ ನಾಲ್ಕು ದಿನ ಹೆಚ್ಚು ಬಾಳುತ್ತವೆ. ಗಾಡಿಗೆ ಕಿಕ್ಕರ್ ಇದ್ದರೆ, ಯಾರು ಏನೇ ಹೇಳಲಿ, ಬಿಚ್ಚಿಸಬೇಡಿ. ನಿಮಗೆ ಮಂಡಿ ಇಲ್ಲದಿದ್ದರೇನಾಯಿತು, ಊರಲ್ಲಿ ಹುಡುಗರಿದ್ದಾರೆ.